ಹಸಿರು ಕಾನೂನು ಜಿಲ್ಲಾ ಕೋರ್ಟಿಗೆ ಮರಳಲಿ

ಸುಸ್ಥಿರ ಅಭಿವೃದ್ಧಿಯ ರಾಷ್ಟ್ರೀಯ ನೀತಿಗಳು ವಕೀಲಿ ವೃತ್ತಿಗೆ ಹೊಸ ಕಾಲ ತಂದಿವೆ ಎಂಬ ಮಾತು ಈಚೆಗೆ ನಮ್ಮ ಕಾನೂನು ಕಾಲೇಜುಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಆ ಮಾತಿಗೆ ಆಧಾರವೇ ಇಲ್ಲ ಎನ್ನಲಾಗದು. 2070ರ ಹೊತ್ತಿಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗಿಳಿಸುವುದಾಗಿ ಭಾರತ 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಮಾತು ಕೊಟ್ಟಿತು. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ತಮ್ಮ ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನು ಸೆಬಿ ಗೊತ್ತುಮಾಡಿದ ನಮೂನೆಯಲ್ಲಿ ಕೊಡುವುದು 2022-23ರಿಂದ ಕಡ್ಡಾಯವಾಯಿತು. 2023ರಲ್ಲಿ ಇಂಗಾಲದ ಕ್ರೆಡಿಟ್ ವಹಿವಾಟಿನ ಯೋಜನೆ ಬಂತು. 2024ರ ಮಾರ್ಚ್‌ನಲ್ಲಿ ಎಂ.ಕೆ. ರಂಜಿತ್‌ಸಿಂಹ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಬರುವ ಹಕ್ಕು ಎಂದಿತು. ಇಷ್ಟೆಲ್ಲ ಆದಮೇಲೆ ಇದನ್ನು ಬಲ್ಲ ವಕೀಲರು ಬೇಕೇಬೇಕು, ನಮ್ಮ ಹುಡುಗ ಹುಡುಗಿಯರು ಅದಕ್ಕೆ ತಯಾರಾಗಲಿ ಎಂದು ಹಿರಿಯರು ಹೇಳುವುದರಲ್ಲಿ ಕಾಳಜಿಯೂ ಇದೆ, ಅನುಭವವೂ ಇದೆ.

ಆದರೂ ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಆ ಹೊಸ ಕೆಲಸ ಬೆಂಗಳೂರು, ಮುಂಬೈ, ದಿಲ್ಲಿಯ ದೊಡ್ಡ ಕಚೇರಿಗಳದು. ಧಾರವಾಡ, ಹುಬ್ಬಳ್ಳಿ, ನವಲಗುಂದ, ಕುಂದಗೋಳ, ಕಲಘಟಗಿ ಕೋರ್ಟುಗಳ ಕಡೆಯಿಂದ ನೋಡಿದರೆ ಕಾಣುವ ಚಿತ್ರ ಬೇರೆ. ಕಳೆದ ಹದಿನೈದು ವರ್ಷಗಳಲ್ಲಿ ಪರಿಸರದ ನೀತಿ ದೊಡ್ಡದಾದಷ್ಟೂ ಪರಿಸರದ ನ್ಯಾಯ ಜನರಿಂದ ದೂರ ಸರಿದಿದೆ. ಅದನ್ನು ಮತ್ತೆ ಹತ್ತಿರ ತರುವ ಕೆಲಸ ತಾಲ್ಲೂಕು, ಜಿಲ್ಲಾ ಕೋರ್ಟುಗಳ ವಕೀಲರಿಂದಲೇ ಆಗಬೇಕು. ನಮ್ಮ ಭಾಗದಲ್ಲಿ ಸುಸ್ಥಿರತೆಯ ಕಾನೂನಿನ ತಿರುಳು ಅಲ್ಲಿದೆ, ಕಂಪನಿಗಳ ವರದಿಯಲ್ಲಿಲ್ಲ.

ಇದಕ್ಕೆ ನಮ್ಮ ಜಿಲ್ಲೆಯ ಇತಿಹಾಸವೇ ಸಾಕ್ಷಿ. ಬೀಳು ನೆಲಕ್ಕೆಲ್ಲ ಹಸಿರು ಹೊದಿಸಬೇಕೆಂಬುದು 1980ರ ದಶಕದ ಸರ್ಕಾರಿ ನೀತಿಯಾಗಿತ್ತು. 1985ರಲ್ಲಿ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಳಿ ಹುಟ್ಟಿದ್ದು ಅದೇ ಉಮೇದಿನಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ರಾಜ್ಯ ಸರ್ಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದ್ದವು. ಸುಮಾರು 30,000 ಹೆಕ್ಟೇರ್ ‘ಸಿ’ ಮತ್ತು ‘ಡಿ’ ದರ್ಜೆಯ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶ. ದಾಖಲೆಯಲ್ಲಿ ಅದು ಉಪಯೋಗವಿಲ್ಲದ ನೆಲ. ಊರವರಿಗೆ ಅದು ದನ ಮೇಯುವ ಜಾಗ, ಉರವಲು ಆಯುವ ಜಾಗ, ನೇಗಿಲಿಗೆ ಕಟ್ಟಿಗೆ ಸಿಗುವ ಜಾಗ. ಆ ನೆಲದ ಮೇಲೆ ಬದುಕಿದ್ದವರ ಹೆಸರು ಯಾವ ಉತಾರದಲ್ಲೂ ಇರಲಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಮತ್ತಿತರರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮರುವರ್ಷ ತಡೆಯಾಜ್ಞೆ ಬಂತು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಯ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಎಂದು ನಾಡು ಅದನ್ನು ನೆನೆಯುತ್ತದೆ. 1991ರಲ್ಲಿ ಆ ಕಂಪನಿ ಮುಚ್ಚಿತು. ಇದೇ ಸಂಘಟನೆ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈಯಲ್ಲಿ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು, 2013ರ ಏಪ್ರಿಲ್‌ನಲ್ಲಿ ತೀರ್ಪು ಬಂತು.

ಈ ಎರಡೂ ಗೆಲುವು ದಿಲ್ಲಿಯಲ್ಲೇ ಸಿಕ್ಕವಲ್ಲವೇ, ಹಾಗಿದ್ದ ಮೇಲೆ ಜಿಲ್ಲಾ ಕೋರ್ಟಿನ ಮಾತೇಕೆ ಎಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆ. ನನ್ನ ಉತ್ತರ ಇಷ್ಟು. ಆದೇಶ ದಿಲ್ಲಿಯದಾದರೂ ಅದಕ್ಕೆ ಬೇಕಾದ ಪುರಾವೆ ಹಳ್ಳಿಯದು. ಯಾವ ಸರ್ವೆ ನಂಬರು, ಎಷ್ಟು ಎಕರೆ, ಯಾರ ದನ ಅಲ್ಲಿ ಮೇಯುತ್ತವೆ, ಯಾವ ವರ್ಷದಿಂದ ಎಂಬುದನ್ನು ಊರೂರು ತಿರುಗಿ ಕೂಡಿಸಿದವರಿದ್ದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರಂಥವರು ಪ್ರತಿ ತಾಲ್ಲೂಕಿಗೂ ಸಿಗುವುದಿಲ್ಲ. ಅಪರೂಪದ ಜನ ಅಪರೂಪಕ್ಕೆ ಗೆದ್ದ ದಾರಿಯನ್ನೇ ಎಲ್ಲರ ದಾರಿ ಎಂದು ನಂಬಿದ್ದರಿಂದ ನಮ್ಮ ವಕೀಲರ ಸಂಘಗಳಲ್ಲಿ ಪರಿಸರ ಎಂದರೆ ದೊಡ್ಡ ಕೋರ್ಟಿನ ವಿಷಯ ಎಂಬ ಭಾವನೆ ಬೇರೂರಿತು.

ಕಾನೂನುಗಳೂ ಆ ಭಾವನೆಯನ್ನೇ ಗಟ್ಟಿ ಮಾಡಿದವು. 2010ರ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಕಾಯಿದೆಯ 29ನೇ ಕಲಮಿನಂತೆ, ನ್ಯಾಯಾಧಿಕರಣದ ವ್ಯಾಪ್ತಿಗೆ ಬರುವ ವಿಷಯವನ್ನು ಸಿವಿಲ್ ಕೋರ್ಟು ಕೈಗೆತ್ತಿಕೊಳ್ಳುವಂತಿಲ್ಲ, ತಡೆಯಾಜ್ಞೆಯನ್ನೂ ಕೊಡುವಂತಿಲ್ಲ. ಕರ್ನಾಟಕಕ್ಕೆ ಸಂಬಂಧಿಸಿದ ಪೀಠ ಚೆನ್ನೈಯಲ್ಲಿದೆ. ಧಾರವಾಡದಿಂದ ಅಲ್ಲಿಗೆ ಸುಮಾರು 750 ಕಿಲೊಮೀಟರ್. ಅಲ್ಲಿಯ ಕಲಾಪ ಇಂಗ್ಲಿಷಿನಲ್ಲಿ. ನಾಲೆಯ ನೀರು ಕೆಟ್ಟು ಬಾವಿ ಹಾಳಾದ ರೈತ ಕನ್ನಡದಲ್ಲಿ ತನ್ನ ನೋವು ತೋಡಿಕೊಳ್ಳಲು ಅಲ್ಲಿ ಜಾಗವಿಲ್ಲ.

ಆಮೇಲೆ 2023ರ ಜನ ವಿಶ್ವಾಸ ಕಾಯಿದೆ ಬಂತು. ಪರಿಸರ ಸಂರಕ್ಷಣಾ ಕಾಯಿದೆಯನ್ನು ಮುರಿದವರಿಗೆ ಮೊದಲು ಐದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಇತ್ತು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ವಿಚಾರಣೆ ನಡೆಯಬೇಕಿತ್ತು. 2024ರ ಏಪ್ರಿಲ್ 1ರಿಂದ ಅದು 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಯಿತು. ದಂಡ ಹಾಕುವವರು ನ್ಯಾಯಾಧೀಶರಲ್ಲ, ರಾಜ್ಯದ ಮಟ್ಟದಲ್ಲಾದರೆ ಕಾರ್ಯದರ್ಶಿಗಿಂತ ಕಡಿಮೆ ದರ್ಜೆಯವರಲ್ಲದ ಅಧಿಕಾರಿ. ಆ ಹಣ ಹೋಗುವುದು ಪರಿಸರ ಸಂರಕ್ಷಣಾ ನಿಧಿಗೆ, ಬಾವಿ ಕೆಟ್ಟವನ ಕೈಗಲ್ಲ. ಜಲ ಕಾಯಿದೆಗೂ 2024ರಲ್ಲಿ ಇಂಥದೇ ತಿದ್ದುಪಡಿ ಬಂದಿದೆ, ರಾಜ್ಯಗಳು ಒಪ್ಪಿದಲ್ಲಿ ಅದು ಅನ್ವಯಿಸುತ್ತದೆ.

ಈ ಬದಲಾವಣೆಗಳನ್ನು ಬೆಂಬಲಿಸುವವರ ವಾದಕ್ಕೂ ತೂಕವಿದೆ. ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಪ್ರಕರಣ ವರ್ಷಗಟ್ಟಲೆ ಎಳೆಯುತ್ತಿತ್ತು, ಶಿಕ್ಷೆಯಾದದ್ದು ಅಪರೂಪ. ಹಸಿರು ನ್ಯಾಯಾಧಿಕರಣದಲ್ಲಿ ನ್ಯಾಯಾಧೀಶರ ಜತೆ ವಿಷಯತಜ್ಞರೂ ಕೂಡುತ್ತಾರೆ, ಪರಿಹಾರ ಕೇಳದ ಅರ್ಜಿಗೆ ಶುಲ್ಕ ಬರೀ ಒಂದು ಸಾವಿರ ರೂಪಾಯಿ, ಈಗ ವಿಡಿಯೊ ಮೂಲಕ ವಾದ ಮಾಡಬಹುದು. ಘನತ್ಯಾಜ್ಯ ಮತ್ತು ಕೊಳಚೆ ನೀರಿನ ನಿರ್ವಹಣೆಯಲ್ಲಿ ಸೋತದ್ದಕ್ಕೆ 2022ರ ಅಕ್ಟೋಬರ್‌ನಲ್ಲಿ ಅದು ಕರ್ನಾಟಕ ಸರ್ಕಾರದ ಮೇಲೆ 2,900 ಕೋಟಿ ರೂಪಾಯಿ ಪರಿಹಾರದ ಹೊರೆ ಹೊರಿಸಿತು. ಯಾವ ಜಿಲ್ಲಾ ನ್ಯಾಯಾಧೀಶರೂ ಅಷ್ಟು ದೂರ ಹೋಗಲಾರರು. ಇದೆಲ್ಲ ನಿಜ. ಆದರೆ ವಿಡಿಯೊದಲ್ಲಿ ವಕೀಲರ ಮುಖ ಕಾಣುತ್ತದೆ, ನಾಲೆಯ ನೀರಿನ ನಾತ ತಿಳಿಯುವುದಿಲ್ಲ. ಸಿವಿಲ್ ನ್ಯಾಯಾಧೀಶರು ಬೇಕೆನಿಸಿದರೆ ತಾವೇ ಸ್ಥಳಕ್ಕೆ ಹೋಗಿ ನೋಡಬಹುದು. ಕೋರ್ಟ್ ಕಮಿಷನರರನ್ನು ಕಳಿಸಿ, ಎರಡೂ ಕಡೆಯವರ ಎದುರಿಗೆ ಅಳತೆ ಮಾಡಿಸಿ ವರದಿ ತರಿಸಬಹುದು. ಕಾಗದದಲ್ಲಿ ಹೆಸರೇ ಇಲ್ಲದವರ ಬದುಕು ಕೋರ್ಟಿನ ಕಣ್ಣಿಗೆ ಬೀಳುವುದು ಇಂಥ ಕಡೆ. ಶಿಕ್ಷೆ ಅಪರೂಪವಾಗಿದ್ದರೆ ತನಿಖೆಯನ್ನೂ ಪ್ರಾಸಿಕ್ಯೂಷನ್ನನ್ನೂ ಗಟ್ಟಿಮಾಡಬೇಕಿತ್ತು, ಕೋರ್ಟಿನ ಬಾಗಿಲನ್ನೇ ಮುಚ್ಚುವುದು ಅದಕ್ಕೆ ಮದ್ದಲ್ಲ.

ನ್ಯಾಯ ದೂರವಾದರೆ ಏನಾಗುತ್ತದೆ ಎಂಬುದನ್ನು ನಮ್ಮ ಭಾಗ ಮಹದಾಯಿ ನದಿ ನೀರಿನ ವಿಷಯದಲ್ಲಿ ಕಂಡಿದೆ. 2010ರಲ್ಲಿ ಅದರ ಜಲವಿವಾದ ನ್ಯಾಯಾಧಿಕರಣ ರಚನೆಯಾಯಿತು. 2016ರ ಜುಲೈಯಲ್ಲಿ ಅದು ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನವಲಗುಂದ, ನರಗುಂದದ ರೈತರ ಸಿಟ್ಟು ಬೀದಿಗೆ ಬಂತು. ಯಮನೂರಿನಲ್ಲಿ ಪೊಲೀಸರು ಜನರನ್ನು ಹೊಡೆದರು. 2018ರ ಆಗಸ್ಟ್ ತೀರ್ಪಿನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ, ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ಸಿಕ್ಕಿತು. ಬಳಿಕ ಯೋಜನೆ ಅರಣ್ಯ ಮತ್ತು ವನ್ಯಜೀವಿ ಅನುಮತಿಯ ಹಂತದಲ್ಲಿ ಸಿಲುಕಿತು. ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗದ ಕತೆಯೂ ಹೆಚ್ಚುಕಡಿಮೆ ಇದೇ. ಇಷ್ಟು ವರ್ಷ ಆ ರೈತರಿಗೆ ಪರಿಸರ ಕಾನೂನಿನ ಪರಿಚಯವಾದದ್ದು ದಿಲ್ಲಿಯಿಂದ ಬರುವ ‘ಇಲ್ಲ’ ಎಂಬ ಉತ್ತರವಾಗಿ. ನಮ್ಮ ವಕೀಲರು ಅವರ ಪರ ನಿಲ್ಲಬೇಕಾಗಿ ಬಂದದ್ದು ಜಾಮೀನು ಅರ್ಜಿ ಹಿಡಿದುಕೊಂಡು. ಪರಿಸರದ ಕಾನೂನು ಉತ್ತರ ಕರ್ನಾಟಕದ ವೈರಿ ಎಂದು ಜನ ನಂಬಿದ್ದರೆ ಅವರನ್ನು ದೂರಲಾರೆ. ತಮ್ಮ ಕೆರೆ, ನಾಲೆ, ಹೊಲವನ್ನು ಆ ಕಾನೂನು ಕಾಯ್ದದ್ದನ್ನು ಅವರು ತಮ್ಮ ಊರ ಕೋರ್ಟಿನಲ್ಲಿ ಕಂಡೇ ಇಲ್ಲ.

ಈಗ ಅದೇ ಹೊಲಗಳಿಗೆ ಹೊಸ ಹಸಿರು ನೀತಿ ಬಂದಿದೆ. 2030ರೊಳಗೆ 500 ಗಿಗಾವ್ಯಾಟ್ ಪಳೆಯುಳಿಕೆಯೇತರ ವಿದ್ಯುತ್ ಸಾಮರ್ಥ್ಯ ದೇಶದ ಗುರಿ. ಗದಗ, ಕೊಪ್ಪಳ ಸೀಮೆಯಲ್ಲಿ ಗಾಳಿಯಂತ್ರ ಮತ್ತು ಸೌರಫಲಕ ಏಳುತ್ತಿವೆ. ಕಲ್ಲಿದ್ದಲಿಗಿಂತ ಇದು ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಗುರಿ ರೈತನ ಮನೆಬಾಗಿಲಿಗೆ ಬರುವುದು ಕರಾರುಪತ್ರದ ರೂಪದಲ್ಲಿ. ಆ ಪತ್ರವನ್ನು ಒಮ್ಮೆ ಬಿಡಿಸಿ ನೋಡಬೇಕು.

ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಹತ್ತಾರು ಪುಟ, ಇಪ್ಪತ್ತೈದರಿಂದ ಮೂವತ್ತು ವರ್ಷದ ಲೀಜು. ‘ಸಾಹೇಬ್ರ, ಇದರಾಗ ಏನ್ ಬರದಾರ ಒಂದೀಟು ಓದಿ ಹೇಳ್ರಿ’ ಎಂದು ರೈತ ಕೇಳುವುದು ಸಬ್-ರಿಜಿಸ್ಟ್ರಾರ್ ಕಚೇರಿಯ ಹತ್ತಿರದ ವಕೀಲರನ್ನು. ಆ ವಕೀಲರು ನೋಡಬೇಕಾದ್ದು ಬಾಡಿಗೆಯ ಅಂಕಿಯನ್ನಷ್ಟೇ ಅಲ್ಲ. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ? ನಡುವೆ ಕರಾರು ಬಿಡುವ ಹಕ್ಕು ಕಂಪನಿಗೆ ಮಾತ್ರವೋ, ರೈತನಿಗೂ ಉಂಟೋ? ಕಂಪನಿ ಆ ಲೀಜನ್ನು ಬ್ಯಾಂಕಿಗೆ ಅಡವಿಟ್ಟರೆ, ಅಥವಾ ಇನ್ನೊಂದು ಕಂಪನಿಗೆ ವರ್ಗಾಯಿಸಿದರೆ ರೈತ ಯಾರನ್ನು ಕೇಳಬೇಕು? ಜಮೀನು ಕೃಷಿಯೇತರವಾದ ಮೇಲೆ ಅವನ ಬೆಳೆಸಾಲ, ಬೆಳೆವಿಮೆಯ ಗತಿಯೇನು? ಒಟ್ಟು ಕುಟುಂಬದ ಆಸ್ತಿಯಾಗಿದ್ದರೆ ಅಕ್ಕತಂಗಿಯರ ಪಾಲಿನ ಬಾಡಿಗೆ ಅವರಿಗೆ ಮುಟ್ಟುತ್ತದೆಯೇ? ಅವಧಿ ಮುಗಿದಾಗ ಕಾಂಕ್ರೀಟ್ ತಳಪಾಯ ಕಿತ್ತು ಹೊಲವನ್ನು ಮೊದಲಿನಂತೆ ಮಾಡಿಕೊಡುವವರು ಯಾರು, ಅದಕ್ಕೆ ಈಗಲೇ ಹಣ ತೆಗೆದಿಟ್ಟಿದ್ದಾರೆಯೇ? ತಂಟೆ ಬಂದರೆ ಮಧ್ಯಸ್ಥಿಕೆ ಎಲ್ಲಿ? ಕರಾರಿನಲ್ಲಿ ಬೇರೊಂದು ಮಹಾನಗರವನ್ನು ಮಧ್ಯಸ್ಥಿಕೆಯ ಸ್ಥಾನ ಎಂದು ಬರೆದಿದ್ದರೆ ಗದಗದ ಹೊಲದ ಬಾಡಿಗೆಯ ತಕರಾರು ಗದಗದ ಕೋರ್ಟಿಗೆ ಬರುವುದೇ ಕಷ್ಟ. ಈ ಏಳೆಂಟು ಪ್ರಶ್ನೆಗಳೇ ನಮ್ಮ ಭಾಗದ ಸುಸ್ಥಿರತೆಯ ಕಾನೂನು. ಇವುಗಳಲ್ಲಿ ಒಂದೂ ಹಸಿರು ನ್ಯಾಯಾಧಿಕರಣದ ಮುಂದೆ ಬರುವಂಥದ್ದಲ್ಲ.

ತುಮಕೂರು ಜಿಲ್ಲೆಯ ಪಾವಗಡ ಇದಕ್ಕೆ ದೊಡ್ಡ ಪಾಠ. ಅಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಜಮೀನನ್ನು ಕಸಿದುಕೊಳ್ಳದೆ ಬಾಡಿಗೆಗೆ ಪಡೆದದ್ದು ಒಳ್ಳೆಯ ಮಾದರಿ, ಮಳೆ ಕೈಕೊಟ್ಟ ಸೀಮೆಯ ಹಿಡುವಳಿದಾರನಿಗೆ ಅದು ನಿಶ್ಚಿತ ಆದಾಯ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯಿಲ್ಲ. ಅವರ ಹೆಸರು ಪಹಣಿಯಲ್ಲಿ ಇರಲಿಲ್ಲ. ಕುಸನೂರಿನಲ್ಲಿ ಆದದ್ದೂ ಇದೇ. ಆಗ ನೀಲಗಿರಿ, ಈಗ ಸೌರಫಲಕ. ನೀತಿ ಎಷ್ಟೇ ಒಳ್ಳೆಯದಿದ್ದರೂ ದಾಖಲೆಯ ಆಚೆ ಇರುವವರನ್ನು ಅದು ತಾನಾಗಿ ಕಾಣುವುದಿಲ್ಲ. ಅವರನ್ನು ಬಲ್ಲವರು ಅದೇ ಊರಿನ ವಕೀಲರು.

ಇಷ್ಟು ಹೇಳಿದ ಮೇಲೆ ಜಿಲ್ಲೆಯ ವಕೀಲರ ಕೈಯಲ್ಲಿ ಏನು ಉಳಿದಿದೆ ಎಂದೂ ಹೇಳಬೇಕು. ಉಳಿದಿರುವುದು ಕಡಿಮೆಯೇನಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಸಾರ್ವಜನಿಕ ಉಪದ್ರವವನ್ನು ತೆಗೆಸಲು ಉಪವಿಭಾಗಾಧಿಕಾರಿಯ ಮುಂದೆ ಹೋಗಬಹುದು. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 133ನೇ ಕಲಮು ಇದೇ. ಅದನ್ನು ಹಿಡಿದುಕೊಂಡೇ ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ಬಡಾವಣೆಯ ಜನ ತಮ್ಮ ಪುರಸಭೆಯಿಂದ ಚರಂಡಿ ಮಾಡಿಸಿಕೊಂಡರು. ಹಣವಿಲ್ಲ ಎಂಬ ನೆಪವನ್ನು ಸುಪ್ರೀಂ ಕೋರ್ಟು 1980ರಲ್ಲಿ ಒಪ್ಪಲಿಲ್ಲ. ಆ ತೀರ್ಪು ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಆದರೆ ಮೊದಲ ಆದೇಶ ಕೊಟ್ಟವರು ಒಬ್ಬ ಸ್ಥಳೀಯ ಮ್ಯಾಜಿಸ್ಟ್ರೇಟ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಮಿನಂತೆ, ತಮಗೆ ವಿಶೇಷ ನಷ್ಟವಾಗಿರದಿದ್ದರೂ ಇಬ್ಬರು ನಾಗರಿಕರು ಕೋರ್ಟಿನ ಅನುಮತಿ ಪಡೆದು ಸಾರ್ವಜನಿಕ ಉಪದ್ರವದ ವಿರುದ್ಧ ದಾವೆ ಹೂಡಬಹುದು. ನ್ಯಾಯಾಧಿಕರಣದ ಕಾಯಿದೆ ಇದಕ್ಕೆ ಎಲ್ಲಿ ಅಡ್ಡ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ವಾದಿಸಿ ನೋಡಬೇಕೇ ಹೊರತು ಮೊದಲೇ ಕೈಚೆಲ್ಲಬಾರದು. ನೈರ್ಮಲ್ಯ ಮತ್ತು ನೀರು ಪೂರೈಕೆಯ ತಕರಾರುಗಳಿಗೆ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಖಾಯಂ ಜನತಾ ನ್ಯಾಯಾಲಯದ ದಾರಿಯಿದೆ. ಹೈಕೋರ್ಟಿನ ರಿಟ್ ಅಧಿಕಾರವನ್ನು ಹಸಿರು ನ್ಯಾಯಾಧಿಕರಣ ಕಸಿದುಕೊಂಡಿಲ್ಲ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಸ್ಪಷ್ಟಪಡಿಸಿತು. ಅಂದರೆ 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಖಾಯಂ ಆದ ಧಾರವಾಡ ಪೀಠದ ಬಾಗಿಲು ತೆರೆದೇ ಇದೆ.

ಇದರ ಜತೆಗೆ ಪುರಾವೆಯ ಕಸುಬು ಬೇಕು. ಜಲ ಕಾಯಿದೆಯ 21ನೇ ಕಲಮನ್ನು ನೋಡಿ. ಕಾರ್ಖಾನೆಯ ಕೊಳವೆಯಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ನೀರಿನ ಮಾದರಿ ತೆಗೆಯುವಾಗ ಅಲ್ಲಿಯೇ ಮಾಲೀಕನಿಗೆ ನೋಟಿಸು ಕೊಡಬೇಕು, ಅವನೆದುರಿಗೆ ಮಾದರಿಯನ್ನು ಎರಡು ಪಾಲು ಮಾಡಬೇಕು, ಎರಡಕ್ಕೂ ಗುರುತು ಹಾಕಿ ಮೊಹರು ಮಾಡಬೇಕು, ಇಬ್ಬರೂ ಸಹಿ ಮಾಡಬೇಕು, ತಡಮಾಡದೆ ಪ್ರಯೋಗಾಲಯಕ್ಕೆ ಕಳಿಸಬೇಕು. ಇದರಲ್ಲಿ ಒಂದು ತಪ್ಪಿದರೂ ಆ ವರದಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ನದಿ ನಿಜವಾಗಿಯೂ ಕೆಟ್ಟಿರುತ್ತದೆ, ಮೀನು ಸತ್ತಿರುತ್ತದೆ, ಆದರೂ ಒಂದು ಸಹಿ ಇಲ್ಲದ್ದಕ್ಕೆ ಪ್ರಕರಣ ಬೀಳಬಹುದು. ಪಂಚನಾಮೆಯ ಒಂದೊಂದು ಸಾಲನ್ನೂ ಬಿಡದೆ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವ ನಮ್ಮ ವಕೀಲರಿಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರಿದ್ದಾರೆ? ಆ ಜಾಣತನ ಈ ಕಡೆಗೂ ತಿರುಗಬೇಕು.

ಹಾಗಾದರೆ ಬದಲಾಗಬೇಕಾದ್ದೇನು? ಮೊದಲನೆಯದು, ಹಸಿರು ನ್ಯಾಯಾಧಿಕರಣ ಶಿಮ್ಲಾ, ಶಿಲ್ಲಾಂಗ್, ಜೋಧಪುರ, ಕೊಚ್ಚಿಯಲ್ಲಿ ಸಂಚಾರಿ ಪೀಠ ನಡೆಸಿದೆ. ಉತ್ತರ ಕರ್ನಾಟಕಕ್ಕೆ ಧಾರವಾಡದಲ್ಲಿ ಅಂಥದೊಂದನ್ನು ಕೇಳುವುದು ನ್ಯಾಯವಾದ ಬೇಡಿಕೆ. ಹೈಕೋರ್ಟ್ ಪೀಠಕ್ಕಾಗಿ ವರ್ಷಗಟ್ಟಲೆ ಹೋರಾಡಿ ಗೆದ್ದ ವಕೀಲರ ಸಂಘಗಳಿಗೆ ಇದು ಹೊಸ ದಾರಿಯಲ್ಲ. ಎರಡನೆಯದು, ದಂಡ ವಿಧಿಸುವ ಅಧಿಕಾರಿ ತಪ್ಪು ನಡೆದ ಜಿಲ್ಲೆಯಲ್ಲೇ ಕೂತು, ಕನ್ನಡದಲ್ಲಿ ದೂರು ಕೇಳುವಂತಾಗಬೇಕು. ಮೂರನೆಯದು, ಜಮೀನಿನ ದೀರ್ಘಾವಧಿ ಲೀಜಿನ ಕನ್ನಡ ಪ್ರತಿ ರೈತನಿಗೆ ಮುಂಚಿತವಾಗಿ ಸಿಗಬೇಕು, ನೆಲವನ್ನು ಮೊದಲಿನಂತೆ ಮಾಡಿಕೊಡುವ ಹೊಣೆ ಕರಾರಿನಲ್ಲೇ ಇರಬೇಕು.

ನಾಲ್ಕನೆಯದು ನಮ್ಮ ಕೈಯಲ್ಲೇ ಇದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಲು ಹೇಳಿತು. ಬಾರ್ ಕೌನ್ಸಿಲ್‌ನ 2008ರ ನಿಯಮಗಳಲ್ಲಿ ಪರಿಸರ ಕಾನೂನು ಕಡ್ಡಾಯ ವಿಷಯ. ರಾಜ್ಯದ ಕಾನೂನು ವಿಶ್ವವಿದ್ಯಾಲಯವೇ ಹುಬ್ಬಳ್ಳಿಯ ನವನಗರದಲ್ಲಿದೆ. ಆ ಪಾಠದ ಜತೆಗೆ ವಿದ್ಯಾರ್ಥಿಗಳು ಒಂದು ನಿಜವಾದ ಸೌರ ಲೀಜನ್ನು ಓದಲಿ, ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಹೋಗಿ ಸ್ಥಳ ತಪಾಸಣೆಯ ವರದಿ ಬರೆಯಲಿ, 152ನೇ ಕಲಮಿನಡಿ ಕನ್ನಡದಲ್ಲಿ ಒಂದು ಅರ್ಜಿ ತಯಾರಿಸಲಿ. ಇಂಗಾಲದ ಮಾರುಕಟ್ಟೆ ಕಲಿಯುವವರು ಅದನ್ನೂ ಕಲಿಯಲಿ. ಆದರೆ ಅವರಲ್ಲಿ ಬಹಳ ಜನ ಮುಂದೆ ವಕಾಲತ್ತು ಹಾಕುವುದು ಈ ಜಿಲ್ಲೆಗಳ ಕೋರ್ಟುಗಳಲ್ಲೇ.

ಸುಸ್ಥಿರತೆಯ ನೀತಿಯಿಂದ ವಕೀಲ ವೃತ್ತಿಗೆ ಏನು ಲಾಭ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಹೊಸ ಕಕ್ಷಿದಾರರು ಸಿಗುತ್ತಾರೆಂಬುದು ಸಣ್ಣ ಲಾಭ. ದೇಶ ಕೊಟ್ಟ ಮಾತು ಹೊಲದ ಅಂಚಿನಲ್ಲಿ ನ್ಯಾಯವಾಗಿ ನಡೆಯಿತೇ ಎಂದು ಕೇಳುವ ಅಧಿಕಾರ ವಕೀಲರಿಗಿದೆ, ಅದನ್ನು ಚಲಾಯಿಸುವುದೇ ದೊಡ್ಡ ಲಾಭ. ಹೊಲದ ಮಾಲೀಕ, ಅವನ ತಂಗಿ, ಅಲ್ಲಿ ಕೂಲಿ ಮಾಡಿದವಳು, ಕುರಿ ಮೇಯಿಸಿದವನು ಎಲ್ಲರೂ ತಮ್ಮ ತಾಲ್ಲೂಕಿನ ಕೋರ್ಟಿನಲ್ಲಿ ತಮ್ಮ ಭಾಷೆಯಲ್ಲಿ ಆ ಪ್ರಶ್ನೆ ಎತ್ತುವಂತಾದಾಗ ಮಾತ್ರ ಹಸಿರು ನೀತಿ ಈ ನಾಡಿನ ಕಾನೂನಾಗುತ್ತದೆ.